ಚಿಪ್ಪಿನ ಮೇಲೆ ಮೂರು ಗೆರೆ ವಿಭೂತಿ

ಮೊದಲು ನನ್ನ ಪಾಲಿನ ದಡ್ಡತನ ಹೇಳಿ ಮುಗಿಸಿಬಿಡುತ್ತೇನೆ. ಬೈಸಿಕೊಳ್ಳಬೇಕಾದ ಬೇರೆಯವರು ಹಿಂದೆ ಸಾಲಾಗಿ ನಿಂತಿದ್ದಾರೆ, ಅವರನ್ನು ಬಹಳ ಹೊತ್ತು ಕಾಯಿಸುವುದು ಸರಿಯಲ್ಲ.

ನಾನು ಅಳತೆ ತಪ್ಪಿದೆ. ಬೆಟಗೇರಿಯ ನಮ್ಮ ಓಣಿಯ ಚಾಚಾರ ಹಳೇ ಕಂಪ್ಯೂಟರಿಗೆ ಹೊಸ ಕಾರ್ಡು ಮಾಡಿಕೊಡುತ್ತೇನೆಂದು ಎದೆ ತಟ್ಟಿಕೊಂಡವನು, ಅದರ ಪೆಟ್ಟಿಗೆಯ ಒಳಗಿನ ಎತ್ತರವನ್ನು ಅವ್ವನ ಹೊಲಿಗೆ ಟೇಪಿನಲ್ಲಿ ಅಳೆದೆ. ಟೇಪಿನ ತುದಿ ಸವೆದಿದೆ ಎಂದು ಅವ್ವ ಮೊದಲ ಇಂಚನ್ನು ಯಾವತ್ತೋ ಕತ್ತರಿಸಿ ಒಗೆದಿದ್ದಳು. ರವಿಕೆ ಅಳೆಯುವಾಗ ಆಕೆ ಆ ಒಂದಿಂಚನ್ನು ಮನಸ್ಸಿನಲ್ಲೇ ಕಳೆಯುತ್ತಾಳೆ. ನಾನು ಕಳೆಯಲಿಲ್ಲ. ಕಾರ್ಡು ಒಂದಿಂಚು ಎತ್ತರವಾಗಿ ತಯಾರಾಗಿ ಬಂತು, ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ಬೇರೆ ಮಾಡಿಸಲು ಸಮಯವಿರಲಿಲ್ಲ. ಮುಚ್ಚಳವನ್ನು ಮೂಲೆಗೆ ನಿಲ್ಲಿಸಿ ತೆರೆದ ಪೆಟ್ಟಿಗೆಯ ಮೇಲೊಂದು ಟವೆಲ್ ಹೊದಿಸಿದೆ. ಪಾಲಿಟೆಕ್ನಿಕ್ಕಿನ ನಮ್ಮ ಹಳೇ ಮೇಷ್ಟ್ರ ದನಿಯಲ್ಲಿ ನನಗೆ ನಾನೇ ಉಗಿದುಕೊಂಡದ್ದೂ ಆಯಿತು. ನನ್ನ ತಪ್ಪು ಅಷ್ಟು. ಒಂದೇ ಒಂದು ಇಂಚು. ಉಳಿದದ್ದೆಲ್ಲ ಉಳಿದವರದು.

ನಾನು ಮೊಬೈಲ್ ರಿಪೇರಿ ಮಾಡುವವನು. ಅದರ ಜೊತೆಗೆ ಮದುವೆಯ ಆರತಕ್ಷತೆ, ಶಾಲೆಯ ಗ್ಯಾದರಿಂಗು, ಯಾರದೋ ಹುಟ್ಟುಹಬ್ಬ, ಎಲ್ಲಿ ಮೈಕು ಕಂಡರೂ ಅಲ್ಲಿ ಮಿಮಿಕ್ರಿ. ಓಣಿಯಲ್ಲಿ ನಾನು ಮಾಡದ ದನಿಯಿಲ್ಲ. ಹಾಲಿನವನು, ಕಾಯಿಪಲ್ಲೆಯವಳು, ಮೂಗಿನಲ್ಲಿ ಮಾತಾಡುವ ಡಾಕ್ಟರು, ಬಸ್‌ಸ್ಟ್ಯಾಂಡಿನ ಮೈಕಿನ ಹೆಂಗಸು, ಕೊನೆಗೆ ನೆಗಡಿಯಾದಾಗಿನ ನಾನು. ಮೊಬೈಲ್ ಕೊಡಲು ಬಂದವರು ಮೊದಲು ಒಂದು ದನಿ ಮಾಡಿಸಿಕೊಂಡು ಆಮೇಲೆ ರೋಗ ಹೇಳುತ್ತಾರೆ.

ಚಾಚಾರ ಕಸುಬು ನೇಕಾರರಿಗೆ ರಟ್ಟು ಹೊಡೆದುಕೊಡುವುದು. ಸೀರೆಯ ದಡಿಯಲ್ಲಿ ನವಿಲೋ ಬಳ್ಳಿಯೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ತೂತು ಬಿದ್ದ ರಟ್ಟಿನ ಪಟ್ಟಿಗಳ ಸರ ತಿರುಗುತ್ತಿರಬೇಕು. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗುತ್ತದೆ. ಆ ತೂತು ಹೊಡೆಯುವ ಯಂತ್ರ ಚಾಚಾರ ಮನೆಯ ಮುಂದಿನ ಕೋಣೆಯಲ್ಲಿದೆ. ಅದನ್ನು ಆಡಿಸುವುದು ನಾನು ಹುಟ್ಟುವ ಮೊದಲು ಬಂದ ಒಂದು ಕಂಪ್ಯೂಟರು. ಹಾಸಿಗೆ ಸುರುಳಿಯಷ್ಟು ದಪ್ಪದ ಪರದೆ, ಹಸಿರು ಅಕ್ಷರ. ಓಣಿಯ ಅರ್ಧ ದಡಿಗಳ ಚಿತ್ತಾರ ಅದರ ಹೊಟ್ಟೆಯಲ್ಲೇ ಇದೆ, ಬೇರೆ ಯಾವ ಕಂಪ್ಯೂಟರಿಗೂ ಅದರ ಲಿಪಿ ತಿಳಿಯುವುದಿಲ್ಲ. ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ. ಕಂಪ್ಯೂಟರಿನ ಮಾತನ್ನು ಯಂತ್ರಕ್ಕೆ ಮುಟ್ಟಿಸುವುದು ಅಂಗೈಯಷ್ಟಗಲದ ಒಂದು ಕಾರ್ಡು. ಪೆಟ್ಟಿಗೆಯೊಳಗಿನ ಉದ್ದ ಸೀಳಿನಲ್ಲಿ ಬಂಗಾರದ ಬಣ್ಣದ ಹಲ್ಲು ಊರಿ ನಿಲ್ಲುತ್ತದೆ. ಅದು ಕೆಟ್ಟಿತ್ತು.

"ಬೇಟಾ, ಯಂತ್ರಕ್ಕ ಏನೂ ಆಗಿಲ್ಲ. ಕಂಪ್ಯೂಟರಿಗೂ ಏನೂ ಆಗಿಲ್ಲ. ನಡುವಿನ ನಾಲಿಗಿ ಬಿದ್ದೈತಿ, ಅಷ್ಟ" ಎಂದರು ಚಾಚಾ.

ಅವರ ಮಗನಿಗೆ ಆ ಕೋಣೆ ಬೇಕಾಗಿತ್ತು, ಫ್ಲೆಕ್ಸ್ ಬ್ಯಾನರ್ ಅಚ್ಚು ಹಾಕುವ ಮಷೀನು ಇಡಲು. ನಮ್ಮೂರಿನಲ್ಲಿ ಯಾರಿಗೆ ಏನು ಕಡಿಮೆಯಾದರೂ ಫ್ಲೆಕ್ಸು ಕಡಿಮೆಯಾಗಿಲ್ಲ. ಕೂಸು ಹುಟ್ಟಿದರೆ ಫ್ಲೆಕ್ಸು, ಕೂಸಿಗೆ ಹಲ್ಲು ಬಂದರೆ ಫ್ಲೆಕ್ಸು, ಆ ಹಲ್ಲಿಗೆ ಶುಭ ಕೋರುವ ಎಂಟು ಜನ ಕಪ್ಪು ಕನ್ನಡಕದವರು. ಇನ್ನೂ ಒಂದು ಮಷೀನಿಗೆ ಜಾಗ ಮಾಡಲು ಒಂದು ಓಣಿಯ ದಡಿಗಳನ್ನೆಲ್ಲ ತೂಕಕ್ಕೆ ಹಾಕುವುದೆಂದರೆ ನನಗೆ ಆಗಲೂ ಮೈ ಉರಿದಿತ್ತು, ಇದನ್ನು ಬರೆಯುವಾಗಲೂ ಉರಿಯುತ್ತಿದೆ.

"ಲೇ, ಇದನ್ನ ಗುಜರಿ ಅಂತಾರ" ಎಂದ ಆತ ನನ್ನ ಬೆನ್ನ ಹಿಂದೆ ನಿಂತು. "ನೀ ಇದಕ್ಕ ಆಪರೇಷನ್ ಮಾಡಾಕತ್ತೀಯಲ್ಲ, ಡಾಕ್ಟರೋ, ಇಲ್ಲಾ ಹೆಣಾ ಸಿಂಗಾರ ಮಾಡಾಂವೋ?"

"ಹೆಣಾ ಅಂದ್ರ ಎದ್ದು ಕುಂತು ನಿನ್ನ ಹೆಸರ ಕರೀತೈತಿ ನೋಡಣ್ಣಾ" ಎಂದೆ, ಅವನದೇ ದನಿಯಲ್ಲಿ. ಚಾಚಾ ನಕ್ಕರು. ಮಗ ನಗಲಿಲ್ಲ. ಮುಂದಿನ ಅಮಾವಾಸ್ಯೆಯ ಮರುದಿನ ಗುಜರಿಯವನ ಗಾಡಿ ಬರುತ್ತದೆ, ಅಷ್ಟರೊಳಗೆ ಪೂರಾ ಒಂದು ದಡಿಯ ರಟ್ಟು ಹೊಡೆದು ತೋರಿಸಿದರೆ ಕೋಣೆಯ ಮಾತೆತ್ತುವುದಿಲ್ಲ ಎಂದ. ಅಪ್ಪ ಮಗ ಇಬ್ಬರೂ ಒಪ್ಪಿಕೊಂಡರು.

ಆ ಒಂದು ದಡಿ ಯಾರದು ಎಂಬುದರಲ್ಲಿ ಚರ್ಚೆ ಇರಲಿಲ್ಲ. ಚಿಗವ್ವನದು. ಚಿಗವ್ವ ಎಂದರೆ ನನ್ನ ಅವ್ವನ ತಂಗಿಯಲ್ಲ, ಓಣಿಯ ವರಸೆ. ಎದುರುಮನೆಯಾಕೆ, ತವರು ಶಿರಹಟ್ಟಿ, ಕೈಮಗ್ಗ ಇನ್ನೂ ಬಿಡದವರಲ್ಲಿ ಒಬ್ಬಳು. ಆಕೆಯ ಬಳ್ಳಿದಡಿಯ ರಟ್ಟಿನ ಸರವನ್ನು ಇಲಿಗಳು ಕಡಿದುಹಾಕಿದ್ದವು. ಅದೇ ದಡಿ ಬೇಕೆಂದು ಕೇಳಿಕೊಂಡು ಬರುವ ಮನೆತನಗಳಿದ್ದವು, ರಟ್ಟಿಲ್ಲದೆ ಮಗ್ಗ ನಿಂತಿತ್ತು. ಚಿಗವ್ವ ದಿನಾ ಬಂದು ನನ್ನ ಪಕ್ಕ ಕೂತು ಕೇಳುತ್ತಿದ್ದಳು, "ಆತೇನೋ?" ನಾನು ಮೂಗಿನ ಡಾಕ್ಟರ ದನಿಯಲ್ಲಿ, "ಪೇಷಂಟಿಗೆ ಇನ್ನೂ ಎಚ್ಚರ ಬಂದಿಲ್ರಿ" ಎನ್ನುತ್ತಿದ್ದೆ.

ಚಾಚಾರ ಕಂಪ್ಯೂಟರಿನ ಮೇಲೇ ಪ್ರಯೋಗ ಮಾಡಿ ಅದನ್ನೂ ಸುಟ್ಟರೆ ಕತೆ ಮುಗಿದಂತೆ. ಅಭ್ಯಾಸಕ್ಕೆ ಅಂಥದೇ ಇನ್ನೊಂದು ಬೇಕಿತ್ತು. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಒಬ್ಬ ಸರ್ ನನ್ನ ಮಾತು ಕೇಳಿ, "ಯಾಕ್ರಿ ಟೈಮ್ ವೇಸ್ಟು, ಹೊಸಾದ ತಗೊಳ್ರಿ" ಎಂದರು. ಹೊಸದಕ್ಕೆ ಆ ಸೀಳೇ ಇಲ್ಲ ಸರ್ ಎಂದೆ. "ಹಂಗಾರ ಹಳೇದನ್ನ ಬಿಟ್ಟಬಿಡ್ರಿ" ಎಂದರು. ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಈ ಎರಡೇ ಉತ್ತರ ಇಟ್ಟುಕೊಂಡು ಕ್ಲಾಸು ನಡೆಸುತ್ತಿದ್ದಾರೆ, ಪುಣ್ಯವಂತರು.

ಲಕ್ಷ್ಮೇಶ್ವರದ ಒಬ್ಬ ಗುಜರಿ ವ್ಯಾಪಾರಿಯ ಬಳಿ ಹಳೇ ಕಂಪ್ಯೂಟರುಗಳು ರಾಶಿ ಬಿದ್ದಿವೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಓಡಿದೆ. ರಾಶಿ ಖರೇನೇ ಇತ್ತು. ಆತ ಅದರ ಮೇಲೆ ಕೂತು ಸುತ್ತಿಗೆಯಿಂದ ಒಂದೊಂದೇ ಕಾರ್ಡಿನ ಹಲ್ಲು ಕೆತ್ತುತ್ತಿದ್ದ.

"ಈ ಹಲ್ಲಿನ್ಯಾಗ ಬಂಗಾರ ಇರ್ತೈತ್ರಿ. ಉಳದದ್ದು ಏನೂ ಉಪಯೋಗಿಲ್ಲ."

"ಒಂದರೆ ಹಲ್ಲಿರೋದು ಉಳದೈತೇನ್ರಿ?"

"ನಿನ್ನೆ ಬಂದಿದ್ರ ಕೊಡ್ತಿದ್ದೆ" ಎಂದು ಆತ ಇನ್ನೊಂದರ ಮೇಲೆ ಸುತ್ತಿಗೆ ಎತ್ತಿದ. ನಿನ್ನೆ ಬಂದವರಿಗೂ ಇದನ್ನೇ ಹೇಳಿದ್ದಾನೆ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ವಾಪಸು ಬರುವಾಗ ಬಸ್ಸಿನಲ್ಲಿ ಅವನ ದನಿ ಅಭ್ಯಾಸ ಮಾಡಿದೆ, ಬೇರೆ ಸೇಡು ನನ್ನ ಕೈಯಲ್ಲಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಮುಂಡರಗಿಯಲ್ಲಿ, ಹತ್ತಿ ತೂಕ ಮಾಡುವ ಒಂದು ಕೋಣೆಯಲ್ಲಿ. ಸೀಳೂ ಇತ್ತು, ಜೀವವೂ ಇತ್ತು. ಆದರೆ ಪೆಟ್ಟಿಗೆಯ ಮೇಲೆ ಬೆಕ್ಕು ಮರಿ ಹಾಕಿಕೊಂಡು ಮಲಗಿತ್ತು. ಅಲ್ಲಿಯ ಗುಮಾಸ್ತರು, "ಒಯ್ಯಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಮರಿ ಕಣ್ಣು ತೆಗದಮ್ಯಾಲೆ ಒಯ್ಯಿ" ಎಂದರು. ಅಮಾವಾಸ್ಯೆ ಹತ್ತಿರ ಬರುತ್ತಿದೆ, ನಾನು ಬೆಕ್ಕಿನ ಮರಿಯ ಕಣ್ಣಿಗಾಗಿ ಮುಂಡರಗಿಗೆ ಫೋನು ಮಾಡಿ ವಿಚಾರಿಸುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ಸಿಟ್ಟು ಬರದವನು ಮನುಷ್ಯನೇ ಅಲ್ಲ.

ಕೊನೆಗೂ ಮರಿಗಳು ಕಣ್ಣು ಬಿಟ್ಟವು, ಕಂಪ್ಯೂಟರು ನನ್ನ ಅಂಗಡಿಗೆ ಬಂತು. ಕೆಲಸ ಶುರುವಾದ ಮೇಲೆ ಒಂದು ವಿಚಿತ್ರ ತಿಳಿಯಿತು. ನಾನು ಮಾಡಬೇಕಿದ್ದದ್ದು ಹೊಸ ಕಾರ್ಡನ್ನಲ್ಲ, ಹಳೇ ಕಾರ್ಡಿನ ಮಿಮಿಕ್ರಿಯನ್ನು. ಕಂಪ್ಯೂಟರು ಕೇಳುತ್ತದೆ, "ಇದ್ದೀಯಾ?" ಕಾರ್ಡು ಹೇಳಬೇಕು, "ಇದ್ದೇನೆ." ಕಂಪ್ಯೂಟರು ಹೇಳುತ್ತದೆ, "ಈ ಸಾಲಿನಲ್ಲಿ ಇಂತಿಂಥ ಕಡೆ ತೂತು." ಕಾರ್ಡು ಅದನ್ನು ಯಂತ್ರಕ್ಕೆ ದಾಟಿಸಿ, "ಆಯಿತು" ಎನ್ನಬೇಕು. ಒಗ್ಗರಣೆ ಸೌಟಿನಷ್ಟು ಅಗಲವೂ ಇಲ್ಲದ ಒಂದು ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಇದನ್ನೆಲ್ಲ ಕಲಿಸಬೇಕು. ಅದು ಈ ಕಾಲದ ಚಿಪ್ಪು, ಕಡಿಮೆ ವೋಲ್ಟಿನದು. ಹಳೇ ಕಂಪ್ಯೂಟರು ಜೋರು ದನಿಯ ಮುದುಕ. ನೇರ ಮಾತಿಗೆ ಬಿಟ್ಟರೆ ಚಿಪ್ಪಿನ ಕಿವಿ ಒಡೆದೀತೆಂದು ನಡುವೆ ದನಿ ಇಳಿಸುವ ಬೇರೆ ಚಿಪ್ಪು ಹಾಕಿದೆ.

ಹಳೇ ಕಾರ್ಡು ಪೂರ್ತಿ ಸತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಕೆಮ್ಮುತ್ತಿತ್ತು. ಅದರ ಹಲ್ಲುಗಳಿಗೆ ಸಣ್ಣ ತಂತಿ ಕಟ್ಟಿ, ಅದು ಯಾವಾಗ ಏನೆನ್ನುತ್ತದೆ ಎಂದು ಲ್ಯಾಪ್‌ಟಾಪಿನಲ್ಲಿ ಗೆರೆ ಗೆರೆಯಾಗಿ ಹಿಡಿದೆ. ಅದು ಕೊನೆಯ ಸಲ ಕೆಮ್ಮಿ ಸುಮ್ಮನಾಗುವಷ್ಟರಲ್ಲಿ ನನ್ನ ಬಳಿ ಅದರ ಮಾತೆಲ್ಲ ಇತ್ತು. ಅಷ್ಟಾದರೂ ನನ್ನ ಕಾರ್ಡನ್ನು ಕಂಪ್ಯೂಟರು ಒಪ್ಪಲಿಲ್ಲ. ಮಾತು ಅದೇ, ಅಕ್ಷರ ಅದೇ, ಪರದೆ ಮಾತ್ರ ಹಾಗೇ ನಿಂತುಬಿಡುತ್ತಿತ್ತು. ಒಂದು ಮಧ್ಯಾಹ್ನ ಆ ಗೆರೆಗಳನ್ನು ಮತ್ತೆ ನೋಡುತ್ತಿದ್ದಾಗ ಹೊಳೆಯಿತು. ಹಳೇ ಕಾರ್ಡು "ಆಯಿತು" ಎನ್ನುವ ಮೊದಲು ಒಂದು ಚೂರು ತಡೆಯುತ್ತಿತ್ತು, ವಯಸ್ಸಾದವರು ಉತ್ತರ ಕೊಡುವ ಮೊದಲು ಉಸಿರೆಳೆದುಕೊಳ್ಳುವ ಹಾಗೆ. ನನ್ನದು ಬಾಯಿಬಡುಕ, ಕೇಳಿ ಮುಗಿಯುವ ಮೊದಲೇ "ಆತ್ರಿ ಆತ್ರಿ" ಎನ್ನುತ್ತಿತ್ತು. ಯಾರ ದನಿ ಮಾಡುವಾಗಲೂ ಮೊದಲು ಹಿಡಿಯಬೇಕಾದದ್ದು ಅವರು ಉಸಿರು ತೆಗೆದುಕೊಳ್ಳುವ ಜಾಗವನ್ನು. ಇಷ್ಟು ವರ್ಷ ವೇದಿಕೆ ಹತ್ತಿದ ನನಗೆ ಇದು ಹೊಳೆಯಲು ಅಷ್ಟು ದಿನ ಬೇಕಾಯಿತೇ ಎಂದು ನನ್ನ ಮೇಲೂ ಸಿಟ್ಟು ಬಂತು. ಆ ತಡೆ ಸೇರಿಸಿದೆ. ಮುಂಡರಗಿಯ ಕಂಪ್ಯೂಟರು ಒಪ್ಪಿತು. ಆಮೇಲೆ ಕಾರ್ಡಿನ ಹಲಗೆ ಮಾಡಿಸಲು ಕಳಿಸಿದೆ, ಅವ್ವನ ಟೇಪಿನ ಅಳತೆಯಲ್ಲಿ. ಆ ಕತೆ ಹೇಳಿಯಾಗಿದೆ.

ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಚಾಚಾರ ಕಂಪ್ಯೂಟರಿನಲ್ಲಿ ಕಾರ್ಡು ಊರಿದೆ. ಹಸಿರು ಅಕ್ಷರ ಓಡಿದವು. ಯಂತ್ರ ಗುರ್ ಎಂದು, ಟಕ ಟಕ ಟಕ ಎಂದು ಚಿಗವ್ವನ ಬಳ್ಳಿದಡಿಯ ಮೊದಲ ರಟ್ಟನ್ನು ಹೊಡೆದು ಹೊರಗೆ ಹಾಕಿತು. ಚಾಚಾ ಅದನ್ನು ಬೆಳಕಿಗೆ ಹಿಡಿದು ತೂತುಗಳ ಮೂಲಕ ನನ್ನನ್ನು ನೋಡಿದರು. ಚಿಗವ್ವ ರಟ್ಟನ್ನು ಎದೆಗವಚಿಕೊಂಡಳು. ಮಗ ಬಾಗಿಲಿಗೆ ಒರಗಿ, "ಒಂದ ರಟ್ಟು ಬಂದ್ರ ಆತೇನು? ದಡಿ ಪೂರಾ ಬರ್ಲಿ" ಎಂದ.

ಎಲ್ಲರೂ ಸೇರಿದ್ದರು. ನಾನು ಆಗ, ಆ ತುಂಬಿದ ಕೋಣೆಯಲ್ಲಿ, ಪೆಟ್ಟಿಗೆಗೆ ಮುಚ್ಚಳವಿಲ್ಲ ಎಂಬುದನ್ನು ತೋರಿಸಿ ಎಚ್ಚರಿಕೆ ಹೇಳಿದೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸ್ಟೂಲಿನ ಮೇಲೆ ಹತ್ತಿ ಮೂಗು ಹಿಡಿದುಕೊಂಡು, ಬಸ್‌ಸ್ಟ್ಯಾಂಡಿನ ಮೈಕಿನ ಹೆಂಗಸಿನ ದನಿಯಲ್ಲಿ ಹೇಳಿದೆ:

"ಪ್ರಯಾಣಿಕರ ಗಮನಕ್ಕೆ! ಬೆಟಗೇರಿಯಿಂದ ಶಿರಹಟ್ಟಿಗೆ ಹೊರಡುವ ಹೊಸ ಕಾರ್ಡು ಪ್ಲಾಟ್‌ಫಾರ್ಮ್ ಸಂಖ್ಯೆ ಮೂರರಲ್ಲಿ ನಿಂತಿರುತ್ತದೆ. ಟವೆಲ್ ತೆಗೆಯತಕ್ಕದ್ದಲ್ಲ. ನೀರು, ಚಹಾ, ಒದ್ದೆ ಕೈ, ಒದ್ದೆ ಬಟ್ಟೆ ತಾಗಿಸತಕ್ಕದ್ದಲ್ಲ. ತಾಗಿಸಿದಲ್ಲಿ ಕಾರ್ಡು ಸುಟ್ಟುಹೋಗತಕ್ಕದ್ದು!"

ಚಿಗವ್ವ ನಕ್ಕು ನಕ್ಕು ಗೋಡೆ ಹಿಡಿದಳು. "ಯವ್ವಾ, ಥೇಟ್ ಆಕೀನ! ಇನ್ನೊಮ್ಮೆ ಅನ್ನೋ!"

ಇನ್ನೊಮ್ಮೆ ಅಂದೆ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ. ಮಗನೂ ನಕ್ಕ. ಚಾಚಾ ಕಣ್ಣೊರೆಸಿಕೊಂಡರು. ಎರಡೆರಡು ಸಲ ಹೇಳಿದ್ದೇನೆ, ಕೋಣೆ ತುಂಬ ಸಾಕ್ಷಿಗಳಿದ್ದಾರೆ. ಇದಕ್ಕಿಂತ ಹೆಚ್ಚು ಒಬ್ಬ ಮನುಷ್ಯ ಏನು ಮಾಡಬೇಕು?

ಆ ರಾತ್ರಿಯೊಳಗೆ ಅರ್ಧ ದಡಿ ಆಗಿತ್ತು. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗವೂ ಯಂತ್ರವೂ ಆಡುವುದಿಲ್ಲ. ತೊಳೆದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗುತ್ತಾರೆ. ತಮ್ಮ ಮಗ್ಗದ ಪೂಜೆ ಮುಗಿಸಿದ ಮೇಲೆ ಚಿಗವ್ವ ಚಾಚಾರ ಯಂತ್ರಕ್ಕೂ ಹಚ್ಚುತ್ತಾಳೆ. ಇದು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ನಡೆದುಬಂದದ್ದು. ಶುಕ್ರವಾರ ಚಾಚಾ ಅದೇ ಯಂತ್ರಕ್ಕೆ ಲೋಬಾನದ ಹೊಗೆ ಹಾಕುತ್ತಾರೆ. "ಅದು ನನಗೂ ಅನ್ನ ಹಾಕ್ತೈತಿ, ಆಕಿಗೂ ಹಾಕ್ತೈತಿ. ಯಾರಿಗೆ ಹೆಂಗ ಬೇಕೋ ಹಂಗ ಕೈ ಮುಗೀಲಿ" ಎಂಬುದು ಅವರ ಮಾತು. ಇಷ್ಟು ವರ್ಷ ವಿಭೂತಿ ಬೀಳುತ್ತಿದ್ದದ್ದು ಯಂತ್ರದ ಕಬ್ಬಿಣದ ಹಣೆಗೆ. ಕಬ್ಬಿಣಕ್ಕೆ ಏನಾಗಬೇಕು?

ಆದರೆ ಈ ಸಲ ಮನೆಗೆ ಹೊಸ ಸಾಮಾನು ಬಂದಿದೆ. ಹೊಸದಕ್ಕೆ ಮೊದಲ ಪೂಜೆ. ಚಿಗವ್ವ ಟವೆಲ್ ತೆಗೆದಳು. ಒದ್ದೆ ಬಟ್ಟೆಯಿಂದ ನನ್ನ ಕಾರ್ಡನ್ನು ಕೂಸಿನ ಮುಖ ಒರೆಸಿದಂತೆ ಒರೆಸಿದಳು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಎಲ್ಲಕ್ಕಿಂತ ಎದ್ದು ಕಾಣುತ್ತಿದ್ದ ನನ್ನ ಚಿಪ್ಪಿನ ಮೇಲೆ, ಈ ಬದಿಯ ತಂತಿಗಾಲಿನಿಂದ ಆ ಬದಿಯ ತಂತಿಗಾಲಿಗೆ, ಮೂರು ಗೆರೆ ಎಳೆದಳು. ನಡುವೆ ಕುಂಕುಮ. ಒಂದು ಸೇವಂತಿಗೆ ಹೂವು. ಪೂಜೆಯಾದ ಮೇಲೆ ಶಾಸ್ತ್ರಕ್ಕೆ ಒಂದು ತೂತು ಹೊಡೆಯಬೇಕಲ್ಲ, ಸ್ವಿಚ್ಚು ಒತ್ತಿದಳು.

ಚಾಚಾರ ಫೋನು ಬಂತು. "ಬೇಟಾ, ಜಲ್ದಿ ಬಾ. ಊದಿನಕಡ್ಡಿ ಆರೇತಿ, ಹೊಗಿ ಮಾತ್ರ ನಿಂತಿಲ್ಲ."

ಹೋಗಿ ನೋಡಿದೆ. ಚಿಪ್ಪಿನ ನೆತ್ತಿ ಸೀಳಿತ್ತು, ಗೆರೆ ಹಾಗೇ ಇತ್ತು, ಹೂವು ಬಾಡಿರಲಿಲ್ಲ. ಕಾರ್ಡನ್ನು ಕಿತ್ತುಕೊಂಡು ಅಂಗಡಿಗೆ ಬಂದು ಪರೀಕ್ಷೆ ಮಾಡಿದೆ. ಸತ್ತದ್ದು ಆ ಚಿಪ್ಪೊಂದೇ. ಅದು ಬಿಚ್ಚಿ ಹಾಕುವಂಥದು, ಅದರ ಜೋಡಿ ಚಿಪ್ಪು, ಮಿಮಿಕ್ರಿಯ ನಡುವೆ ಸದ್ದು ಹೊರಡಿಸಲು ನಾನೇ ಮಾಡಿಕೊಂಡ ಒಂದು ಡಬ್ಬಿಯೊಳಗೆ ಕೂತು ನಾಯಿ ಬೊಗಳುವ ಸದ್ದು ಮಾಡುತ್ತಿತ್ತು. ನಾಯಿಯನ್ನು ಅಳಿಸಿ ಹಳೇ ಕಾರ್ಡಿನ ಮಾತನ್ನು ತುಂಬಿದೆ. ತುಂಬುತ್ತಾ ತುಂಬುತ್ತಾ ನನ್ನೊಳಗೂ ಸಿಟ್ಟು ತುಂಬಿಕೊಂಡಿತು.

ಮರುದಿನ ಬೆಳಿಗ್ಗೆ ಹೋದಾಗ ಗುಜರಿಯವನ ಗಾಡಿ ಬಾಗಿಲಲ್ಲೇ ನಿಂತಿತ್ತು. ಹಗ್ಗವನ್ನೂ ತಂದಿದ್ದ. ಕಾರ್ಡನ್ನು ಸೀಳಿನಲ್ಲಿ ಊರಿದೆ, ಆದರೆ ಚಿಪ್ಪನ್ನು ಕೂರಿಸಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತೆ.

"ತಪ್ಪು ಯಾರದು ಅಂತ ಒಪ್ಪಿಕೊಳ್ಳಲಿ, ಆಮ್ಯಾಲೆ ಕೂರಿಸ್ತೇನಿ. ಇಲ್ಲಾಂದ್ರ ಈಗಿಂದೀಗ ಒಯ್ಯಲಿ ಗಾಡ್ಯಾಗ!" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಇನ್ನೇನು ದನಿ ಮಾಡುತ್ತಾನೆ ಎಂದು ನಗಲು ತಯಾರಾಗಿಯೇ ನಿಂತರು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ಎಷ್ಟ್ ಊರು ತಿರುಗೇನಿ ಗೊತ್ತೈತೇನ್ರಿ ಇದಕ್ಕ? ಬೆಕ್ಕಿನ ಮರಿ ಕಾಲು ಹಿಡದೇನಿ! ನನ್ನ ಕೆಲಸಾನೂ ನಿಮಗ ನಗೀ, ನನ್ನ ಮಾತೂ ನಿಮಗ ನಗೀ!"

ಚಾಚಾ ಬಂದು ಹೆಗಲ ಮೇಲೆ ಕೈಯಿಟ್ಟರು. "ತಪ್ಪು ನಂದು ಅಂತ ಇಟ್ಕೋ ಬೇಟಾ. ಮನಿ ನಂದು, ಕಂಪ್ಯೂಟರ್ ನಂದು. ಹಚ್ಚು."

"ನಿಮ್ಮದಲ್ರೀ ಚಾಚಾ. ನೀವು ನಡುವ ಬರಬ್ಯಾಡ್ರಿ."

ಮಗ ಗಡಿಯಾರ ನೋಡಿಕೊಂಡ. "ನಾಟಕ ಮುಗದಮ್ಯಾಲೆ ಹೇಳ್ರಿ. ಗಾಡಿಯವ ಇನ್ನೂ ನಾಷ್ಟಾ ಮಾಡಿಲ್ಲ."

ಆಗ ಚಿಗವ್ವ ಎದುರುಮನೆಯಿಂದ ಬಂದಳು. ಅತ್ತ ಮುಖವಲ್ಲ, ಹೆದರಿದ ಮುಖವೂ ಅಲ್ಲ. ಅರ್ಧ ಹೊಡೆದ ಬಳ್ಳಿದಡಿಯ ರಟ್ಟುಗಳು ಕೈಯಲ್ಲಿದ್ದವು. ಅವು ಪೂರಾ ಆಗದಿದ್ದರೆ ಯಂತ್ರದ ಜೊತೆ ಆಕೆಯ ಮಗ್ಗವೂ ಹೋದಂತೆಯೇ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು, ಹೊಸ್ತಿಲ ಮೇಲೆ ಕೂತ ನನಗೂ ತಿಳಿದಿತ್ತು.

"ಹೇಳಿದ್ನೋ ಇಲ್ಲೋ ಚಿಗವ್ವಾ?" ಎಂದೆ. "ಒದ್ದಿ ಬಟ್ಟಿ ಹಚ್ಚಬ್ಯಾಡ್ರಿ, ಟವೆಲ್ ತಗೀಬ್ಯಾಡ್ರಿ ಅಂತ ಎಲ್ಲಾರ ಮುಂದ ಹೇಳಿದ್ನೋ ಇಲ್ಲೋ? ಎರಡ ಸಲ!"

ಆಕೆ ಕೊಟ್ಟ ಉತ್ತರ ಕೇಳಿ ಮೊದಲು ನಕ್ಕವನು ಹಗ್ಗ ಹಿಡಿದಿದ್ದ ಗಾಡಿಯವನು, ಆಮೇಲೆ ಮಗ. ನಾನು ಎದ್ದು ಒಳಗೆ ಹೋಗಿ ಚಿಪ್ಪು ಕೂರಿಸಿದೆ. ಮಧ್ಯಾಹ್ನದೊಳಗೆ ದಡಿ ಪೂರಾ ಬಂತು, ಗಾಡಿ ಖಾಲಿ ಹೋಯಿತು, ಫ್ಲೆಕ್ಸು ಮಷೀನಿಗೆ ಬೇರೆ ಜಾಗ ನೋಡುತ್ತಿದ್ದಾರೆ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಚಿಗವ್ವ ಅಂದದ್ದು ಇಷ್ಟು:

"ನೀ ಎಲ್ಲಿ ಹೇಳಿದ್ಯೋ ಯಪ್ಪಾ? ಹೇಳಿದಾಕಿ ಬಸ್‌ಸ್ಟ್ಯಾಂಡಿನಾಕಿ. ಆಕಿ ಮಾತು ಕೇಳ್ಕೋತ ಮೂರನೇ ಪ್ಲಾಟ್‌ಫಾರ್ಮಿನ್ಯಾಗ ಕುಂತಿದ್ರ, ನಾ ಇನ್ನೂ ಒಮ್ಮಿನೂ ಶಿರಹಟ್ಟಿ ಮುಟ್ಟತಿರಲಿಲ್ಲ!"